ಹೊಲಿಗೆ ಸೂಜಿ

ತರಬೇತಿ ಕೇಂದ್ರದಲ್ಲಿ ಮೊದಲ ದಿನ ಕಲಿಸಿದ್ದು ಕೈ ಕುಲುಕುವುದನ್ನು. ಡಿಗ್ರಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದ ಹುಡುಗಿಯರು ನಾವು. ಎರಡು ಸಾಲು ಮಾಡಿ ಎದುರುಬದುರು ನಿಲ್ಲಿಸಿದರು. ಗಟ್ಟಿಯಾಗಿ ಹಿಡಿಯಬೇಕು, ಹಿಂಡಬಾರದು. ಕಣ್ಣು ನೋಡಿ ಮಾತಾಡಬೇಕು, ದುರುಗುಟ್ಟಬಾರದು. ನಗಬೇಕು, ಹಲ್ಲು ಕಿರಿಯಬಾರದು. ಕಲಿಸುತ್ತಿದ್ದವಳು ನನ್ನ ಚಿಕ್ಕಮ್ಮ, ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ. ಅಲ್ಲಿ ಅವಳನ್ನು ನಾನು ಮೇಡಂ ಅನ್ನಬೇಕಿತ್ತು.

"ಬೇಜಾರು ಮಾಡ್ಕೋಬೇಡ ಕಣೇ," ಎಂದಿದ್ದಳು ಹಿಂದಿನ ದಿನ. "ನಾವಿಬ್ಬರೂ ಆ ಬೀದಿಯವರು ಅಂತ ಗೊತ್ತಾದ್ರೆ ನಿನಗೂ ಕಷ್ಟ, ನನಗೂ ಕಷ್ಟ."

ನನಗೆ ಬೇಜಾರಾಗಲಿಲ್ಲ. ನಮ್ಮ ಬೀದಿಯ ಹೆಸರು ಹೇಳಿದರೆ ಬೇರೆ ಕಡೆ ಬಾಡಿಗೆ ಮನೆ ಸಿಗುವುದಿಲ್ಲ. ಅರ್ಜಿಯಲ್ಲಿ ವಿಳಾಸ ನೋಡಿಯೇ ಪಕ್ಕಕ್ಕಿಟ್ಟವರಿದ್ದಾರೆ. ಊರಿನ ಕೊಳೆ ತೆಗೆಯುವವರ ಬೀದಿ ಅದು. ಚರಂಡಿಗೆ, ಶವಾಗಾರಕ್ಕೆ, ಆಸ್ಪತ್ರೆಯ ಬಟ್ಟೆ ಒಗೆಯುವುದಕ್ಕೆ ಅಲ್ಲಿಂದಲೇ ಜನ ಹೋಗುತ್ತಾರೆ. ಬೇರೆ ಯಾರೂ ಹೋಗುವುದಿಲ್ಲ.

ಅಮ್ಮ ಹೋಗುತ್ತಿದ್ದದ್ದು ಲಾಂಡ್ರಿಗೆ. ಊರಿನ ಎಲ್ಲ ದೊಡ್ಡ ಆಸ್ಪತ್ರೆಗಳ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಅಲ್ಲಿಗೆ ಬರುತ್ತಿದ್ದವು. ಅವಳು ಚಿಕ್ಕವಳಿದ್ದಾಗಲೇ ಆ ಕೆಲಸಕ್ಕೆ ಸೇರಿದ್ದಳು. ಮನೆಯಲ್ಲಿ ಒಬ್ಬಳು ಓದಬಹುದು, ಒಬ್ಬಳು ದುಡಿಯಬೇಕು ಎಂದಾದಾಗ ಅಮ್ಮ ಶಾಲೆ ಬಿಟ್ಟಳು, ಚಿಕ್ಕಮ್ಮ ಓದಿದಳು. ಅದನ್ನು ಅಮ್ಮ ಯಾವತ್ತೂ ತ್ಯಾಗ ಗೀಗ ಅಂತ ಹೇಳಿಕೊಂಡವಳಲ್ಲ. "ಅವಳಿಗೆ ತಲೆ ಓಡ್ತಿತ್ತು, ನನಗೆ ಕೈ ಓಡ್ತಿತ್ತು" ಅಂದು ನಗುತ್ತಿದ್ದಳು.

ನನಗೆ ಚಿಕ್ಕಮ್ಮ ಅಂದರೆ ಪ್ರಾಣ. ಅವಳ ನಡಿಗೆಯನ್ನು ಕನ್ನಡಿಯ ಮುಂದೆ ನಡೆದು ಕಲಿತಿದ್ದೆ. ನನ್ನ ಮೊದಲ ಎತ್ತರದ ಹಿಮ್ಮಡಿಯ ಚಪ್ಪಲಿ ಅವಳು ತಂದದ್ದು. ಕೇಂದ್ರಕ್ಕೆ ಸೇರಿಸುವ ಮುನ್ನ ಒಂದು ಸಂಜೆ ನನ್ನನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚಿದಳು. ಬಾಚುತ್ತಾ ಬಾಚುತ್ತಾ ಕೂದಲನ್ನು ಮೂಗಿಗೆ ಹಿಡಿದಳು.

"ಅಮ್ಮನ ಜೊತೆ ಒಂದೇ ದಿಂಬಲ್ಲಿ ಮಲಗ್ತೀಯಾ?"

"ಹೂಂ."

"ಇನ್ಮೇಲೆ ಬೇಡ. ಬ್ಲೀಚಿಂಗ್ ವಾಸನೆ ಬರ್ತಿದೆ. ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರಿಗೆ ಎಲ್ಲ ಗೊತ್ತಾಗುತ್ತೆ."

ಆ ರಾತ್ರಿ ನಾನು ದಿಂಬು ಎತ್ತಿಕೊಂಡು ಗೋಡೆಯ ಪಕ್ಕಕ್ಕೆ ಹೋದೆ. ಅಮ್ಮ ಯಾಕೆ ಅಂತ ಕೇಳಲಿಲ್ಲ. ಗಾಳಿ ಬರುವ ಜಾಗವನ್ನು ನನಗೆ ಬಿಟ್ಟು ತಾನು ಒಲೆಯ ಕಡೆ ಸರಿದುಕೊಂಡಳು.

ಕೇಂದ್ರದಲ್ಲಿ ಒಂದು ಬೋರ್ಡ್ ಇತ್ತು. ನಮ್ಮೆಲ್ಲರ ಹೆಸರು, ಹೆಸರಿನ ಮುಂದೆ ಅಂಟಿಸುವ ಚಿನ್ನದ ಬಣ್ಣದ ನಕ್ಷತ್ರ. ಸಮಯಕ್ಕೆ ಬಂದರೆ ನಕ್ಷತ್ರ. ಕೇಳುವ ಮೊದಲೇ ಕೆಲಸಕ್ಕೆ ಮುಂದಾದರೆ ನಕ್ಷತ್ರ. ಕಷ್ಟ ಹೇಳಿಕೊಳ್ಳದೆ ಇದ್ದರೆ ಎರಡು. ಮದುವೆ ವಯಸ್ಸಿನ ಹುಡುಗಿಯರು ನಾವು, ಆ ಸ್ಟಿಕ್ಕರಿಗೆ ಬಾಯಿ ಬಾಯಿ ಬಿಡುತ್ತಿದ್ದೆವು. ಎಲ್ಲರಿಗಿಂತ ಹೆಚ್ಚು ನಕ್ಷತ್ರ ಇದ್ದದ್ದು ನಮ್ಮ ತರಗತಿಯ ರ‍್ಯಾಂಕಿಗೆ. ಕಾಲೇಜಿಗೆ ಮೊದಲು ಬಂದವಳು, ಅದಕ್ಕೇ ಆ ಅಡ್ಡಹೆಸರು. ಸಣಕಲು ಹುಡುಗಿ. ಅವಳ ಅಪ್ಪ ಯಾವುದೋ ಗೋದಾಮಿನ ಕಾವಲುಗಾರ. ಮಾತಾಡುವಾಗ ತುಟಿ ಒಣಗಿ ನಾಲಿಗೆಯಲ್ಲಿ ಸವರಿಕೊಳ್ಳುತ್ತಿದ್ದಳು. ಅದಕ್ಕೆ ಚಿಕ್ಕಮ್ಮ ಅವಳ ಒಂದು ನಕ್ಷತ್ರ ಕಿತ್ತಿದ್ದಳು.

ಚೆನ್ನಾಗಿ ಮಾಡಿದವರಿಗೆ ದೊಡ್ಡ ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಕೆಲಸ ಅಂತ ಮಾತಾಗಿತ್ತು. ಆ ಮೇಜನ್ನು ಚಿಕ್ಕಮ್ಮ ನನಗೆ ಕರೆದುಕೊಂಡು ಹೋಗಿ ತೋರಿಸಿದ್ದಳು. ಬಿಳಿ ಕಲ್ಲು, ಮೇಲೆ ಹೂದಾನಿ, ಹಿಂದೆ ಕೂತ ಹುಡುಗಿಯ ಕತ್ತಿನಲ್ಲಿ ಸ್ಕಾರ್ಫ್. "ಅಲ್ಲಿ ನೀನು," ಎಂದು ಕಿವಿಯಲ್ಲಿ ಹೇಳಿದ್ದಳು. ನನಗೆ ಬೇರೇನೂ ಬೇಡವಾಗಿತ್ತು. ಆ ಕುರ್ಚಿ ಸಿಕ್ಕರೆ ಅಮ್ಮನನ್ನು ಲಾಂಡ್ರಿ ಬಿಡಿಸಬಹುದಿತ್ತು.

ಅದೇ ಹೊತ್ತಿಗೆ ಅಮ್ಮನ ಕೆಲಸ ನಿಂತಿತು. ಲಾಂಡ್ರಿಯ ಹೆಂಗಸರೇ ನಿಲ್ಲಿಸಿದ್ದರು.

ಲಾಂಡ್ರಿಯಲ್ಲಿ ಗಂಟು ಬಿಚ್ಚುವ ಕೆಲಸಕ್ಕೆ ಅವರದೇ ಒಂದು ರೀತಿಯಿತ್ತು. ಆಸ್ಪತ್ರೆಯಿಂದ ಬಂದ ಗಂಟಿಗೆ ನೇರವಾಗಿ ಯಾರೂ ಕೈ ಹಾಕುತ್ತಿರಲಿಲ್ಲ. ಇಬ್ಬರು ಹೆಂಗಸರು ಎದುರುಬದುರು ನಿಂತು ಹೊದಿಕೆಯ ನಾಲ್ಕು ತುದಿ ಹಿಡಿದು ತಗಡಿನ ಮೇಜಿನ ಮೇಲೆ ಕೊಡವಬೇಕು. ಕೊಡವಿ ಸುಮ್ಮನೆ ನಿಂತು ಕೇಳಬೇಕು. ಸೂಜಿ, ಬ್ಲೇಡು, ಕತ್ತರಿ ಏನಿದ್ದರೂ ತಗಡಿಗೆ ಬಿದ್ದು ಸದ್ದು ಮಾಡುತ್ತದೆ. ಆಮೇಲೆ ಕೈ. ಹೊಸ ಗುತ್ತಿಗೆದಾರ ಬಂದವನು ಒಂದು ಗಂಟಿಗೆ ಇಬ್ಬರು ಯಾಕೆ ಅಂದ. ಒಬ್ಬೊಬ್ಬರೇ ಬಿಚ್ಚಿ ಅಂದ. ಗುಂಗುರು ಕೂದಲಿನ ಒಬ್ಬಳಿಗೆ ಸೂಜಿ ಚುಚ್ಚಿತು. ಯಾವ ರೋಗಿಯದೋ ಏನೋ. ಅವಳು ಹಾಸಿಗೆ ಹಿಡಿದಳು, ಅವಳ ಜಾಗಕ್ಕೆ ಬೇರೆಯವಳು ಬಂದಳು. ಆವತ್ತು ಹೆಂಗಸರೆಲ್ಲ ಹೊರಗೆ ಬಂದು ಗೇಟಿನ ಮುಂದೆ ಕೂತರು. ದಪ್ಪ ಗ್ಲೌಸು ಕೊಡಿ, ಇಬ್ಬರಿಬ್ಬರನ್ನೇ ನಿಲ್ಲಿಸಿ. ಕೇಳಿದ್ದು ಅಷ್ಟೇ.

ಅಮ್ಮ ಬೆಳಗ್ಗೆ ನೀರಿನ ಬಾಟಲಿ ಹಿಡಿದು ಗೇಟಿಗೆ ಹೋಗುವಳು, ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೇಂದ್ರಕ್ಕೆ ಹೋಗುವೆ. ಅವರ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಬಾಯಕ್ಕ. ಅವಳ ಬಾಯಿಗೆ ಹೆದರಿಯೇ ಬಂದ ಹೆಸರು. ಒಂದು ದಿನ ದಾರಿಯಲ್ಲಿ ಸಿಕ್ಕಿ, "ಏನೇನು ಕಲಿಸ್ತಾರೆ ಮಗಾ?" ಅಂದಳು.

"ನೆಟ್ಟಗೆ ಕೂರೋದು, ಕೈ ಕುಲುಕೋದು, ಮಾತಾಡೋದು."

"ಕೂರೋಕೂ ಕ್ಲಾಸಾ? ನಮ್ಮನ್ನ ಕರೀಬಾರ್ದಾ, ನಾವು ದಿನಾ ಕೂತೇ ಇರ್ತೀವಿ."

ಹೆಂಗಸರೆಲ್ಲ ನಕ್ಕರು. ಅಮ್ಮನೂ ನಕ್ಕಳು. ಆದರೆ ನನ್ನ ಕಾಲರ್ ಮಡಚಿಕೊಂಡಿದ್ದನ್ನು ಸರಿಮಾಡಿ, "ಹೋಗು, ತಡ ಆಗುತ್ತೆ" ಎಂದಳು.

ಮಾರನೆಯ ವಾರ ಚಿಕ್ಕಮ್ಮ ತರಗತಿಯಲ್ಲಿ ಹೇಳಿದಳು: "ನಾಳೆಯಿಂದ ನಿಜವಾದ ಕೆಲಸದ ಜಾಗ. ಎಲ್ಲಿ ಅಂತ ಕೇಳಬೇಡಿ. ಎಲ್ಲಿ ಹಾಕಿದ್ರೂ ಹೊಂದ್ಕೊಳ್ಳೋದೇ ಕೌಶಲ."

ಬೆಳಗ್ಗೆ ವ್ಯಾನ್ ಬಂತು. ಕಿಟಕಿಗೆ ಕಪ್ಪು ಹಾಳೆ. ನೀಲಿ ಕೋಟು ಕೊಟ್ಟರು, ಎದೆಯ ಮೇಲೆ 'ತರಬೇತಿ' ಅಂತ ಬರೆದಿತ್ತು. ಹುಡುಗಿಯರು ಒಬ್ಬರ ಕೋಟು ಒಬ್ಬರು ನೋಡಿ ಡಾಕ್ಟರ್ ಡಾಕ್ಟರ್ ಅಂತ ರೇಗಿಸಿಕೊಂಡರು. ವ್ಯಾನ್ ಒಂದು ಹಿಂಬಾಗಿಲಿನಿಂದ ಒಳಗೆ ಹೋಗಿ ನಿಂತಿತು. ಇಳಿದೆ. ಕಟ್ಟಡ ನೋಡುವ ಮೊದಲೇ ವಾಸನೆ ಮೂಗಿಗೆ ಬಂತು. ಅಮ್ಮನ ಕೂದಲಿನ ವಾಸನೆ.

ಏನೋ ತಪ್ಪಾಗಿದೆ ಅಂದುಕೊಂಡೆ. ಡ್ರೈವರ್ ಎಲ್ಲಿಗೋ ಹೋಗುವವನು ಇಲ್ಲಿಗೆ ತಂದಿದ್ದಾನೆ. ಚಿಕ್ಕಮ್ಮ ಮುಂದಿನ ಸೀಟಿನಿಂದ ಇಳಿಯುತ್ತಿದ್ದಳು. ಓಡಿ ಹೋಗಿ ಅವಳ ತೋಳು ಹಿಡಿದೆ.

"ಮೇಡಂ, ಇದು ಲಾಂಡ್ರಿ. ಆ ಕಡೆ ಗೇಟಲ್ಲಿ ಅಮ್ಮ ಕೂತಿದ್ದಾಳೆ."

"ಗೊತ್ತು," ಎಂದಳು.

ಅಷ್ಟೇ. ನನ್ನ ಕೈಯನ್ನು ತೋಳಿನಿಂದ ಬಿಡಿಸಿಕೊಂಡಳು. ಮೆಲ್ಲಗೆ, ಯಾರಿಗೂ ಕಾಣದ ಹಾಗೆ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ನೀವು ಬರದಿದ್ರೆ ಬೇರೆ ಯಾರನ್ನೋ ತರ್ತಾರೆ. ಬಟ್ಟೆ ಹೇಗೂ ಒಗೆದೇ ಒಗೀತಾರೆ. ಅಕ್ಕನಿಗೆ ಹೇಳಿ ಹೇಳಿ ಸಾಕಾಯ್ತು, ಕೇಳಲಿಲ್ಲ. ನಿಮ್ಮ ಮನೇಲಿ ಒಬ್ಬರಾದ್ರೂ ಒಳಗಿರಲಿ. ಸ್ವಲ್ಪ ದಿನ. ಆಮೇಲೆ ಆ ಬಿಳಿ ಮೇಜು. ತಲೆ ಉಪಯೋಗಿಸು."

ಉಳಿದವರ ಜೊತೆ ಸಾಲಿನಲ್ಲಿ ನಿಂತೆ. ಒಳಗೆ ಹೋದೆ.

ಒಳಗೆ ಉಗಿ. ಗೋಡೆಯೆತ್ತರದ ಯಂತ್ರಗಳು ನಡುಗುತ್ತಾ ತಿರುಗುತ್ತಿದ್ದವು. ನೆಲ ಅಂಟು. ಗಂಟುಗಳು ಆಳೆತ್ತರ ಬಿದ್ದಿದ್ದವು, ಬಿಚ್ಚುವವರಿಲ್ಲದೆ ಕೊಳೆತು ನಾರುತ್ತಿದ್ದವು. ರಕ್ತ ಒಣಗಿ ಬಟ್ಟೆ ಹಲಗೆಯಾಗಿತ್ತು. ಮಲ, ವಾಂತಿ, ಕೀವು. ಒಂದು ಗಂಟಿನಿಂದ ಬ್ಯಾಂಡೇಜಿನ ಜೊತೆ ಒಂದು ಹಲ್ಲು ಬಿತ್ತು. ಒಬ್ಬಳು ಮೂಲೆಗೆ ಓಡಿ ಕಕ್ಕಿಕೊಂಡಳು. ಬಾಯಿ ಒರೆಸಿಕೊಂಡು ನಗುತ್ತಾ ಬಂದಳು, ಸೂಪರ್‌ವೈಸರ್ ನೋಡುತ್ತಿದ್ದ. ಕೊಟ್ಟ ಗ್ಲೌಸು ಬೇಕರಿಯವರು ಹಾಕಿಕೊಳ್ಳುವಂಥದ್ದು, ಬೆವರಿಗೇ ಹರಿಯುತ್ತಿತ್ತು. ಕೊಳೆ ಹೊದಿಕೆಯ ಭಾರ ಒಣ ಹೊದಿಕೆಯ ಹಾಗಲ್ಲ. ಎತ್ತಿ ಎತ್ತಿ ಸೊಂಟ ಬಿದ್ದುಹೋಯಿತು. ಭುಜ ಉರಿಯಿತು. ಬ್ಲೀಚಿಂಗ್ ಗಾಳಿಗೆ ಕಣ್ಣಿನಲ್ಲಿ ನೀರು ಇಳಿಯುತ್ತಲೇ ಇತ್ತು. ಅಮ್ಮ ಸಂಜೆ ಬಂದು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೂರುವಾಗ ಅವಳಿಗೆ ನಿದ್ದೆ ಅಂದುಕೊಂಡಿದ್ದೆ. ನಿದ್ದೆಯಲ್ಲ. ಉರಿ.

ಕೊಡವದೆ ಕೈ ಹಾಕಬೇಡಿ ಅಂತ ಪಕ್ಕದವರಿಗೆ ಹೇಳಿದೆ. "ಇಬ್ಬರು ಹಿಡಿದ್ರೆ ಅರ್ಧ ಕೆಲಸ ಆಗುತ್ತೆ. ಒಬ್ಬೊಬ್ಬರೇ," ಎಂದ ಸೂಪರ್‌ವೈಸರ್. ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದಳು. "ಹೆಚ್ಚು ಗಂಟು ಬಿಚ್ಚಿದವರಿಗೆ ಎರಡು ನಕ್ಷತ್ರ," ಎಂದಳು.

ರ‍್ಯಾಂಕು ಮೊಣಕೈವರೆಗೆ ಕೈ ಹಾಕಿದಳು. ಹಾಗೆಯೇ ನಿಂತಳು. ಉಸಿರು ಎಳೆದುಕೊಂಡದ್ದು ನನಗೆ ಕೇಳಿತು. ಕೈ ಹೊರಗೆ ತೆಗೆದಾಗ ಹೆಬ್ಬೆರಳಿನ ಬುಡದಲ್ಲಿ ಸೂಜಿ ನೇತಾಡುತ್ತಿತ್ತು, ಹಿಂದೆ ಪ್ಲಾಸ್ಟಿಕ್ಕಿನ ತುಂಡು. ಅವಳು ಅದನ್ನು ಕಿತ್ತು ಮೇಜಿನ ಕೆಳಗೆ ಎಸೆದಳು. ಕಾಗದದ ಕರವಸ್ತ್ರ ಸುತ್ತಿಕೊಂಡಳು. ಚಿಕ್ಕಮ್ಮ ತಿರುಗಿ ನೋಡಿದಳು. ರ‍್ಯಾಂಕು ನಕ್ಕಳು. ಹಲ್ಲು ಕಿರಿಯದೆ, ಹೇಗೆ ಕಲಿಸಿದ್ದರೋ ಹಾಗೆ.

ಕಾಗದ ಕೆಂಪಾಗುತ್ತಾ ಬಂತು.

"ಮೇಡಂ," ಎಂದೆ, "ಇವಳಿಗೆ ಸೂಜಿ ಚುಚ್ಚಿದೆ."

"ಏನಿಲ್ಲ ಮೇಡಂ, ಸಣ್ಣದು," ಎಂದಳು ರ‍್ಯಾಂಕು ಗಾಬರಿಯಾಗಿ. ನನ್ನ ಕಾಲನ್ನು ಮೇಜಿನ ಕೆಳಗೆ ಒದ್ದಳು.

ಚಿಕ್ಕಮ್ಮನ ಮುಖ ಬಿಳಿಚಿತು. ಅದನ್ನು ನಾನು ನೋಡಿದೆ. ಅವಳಿಗೆ ಗುಂಗುರು ಕೂದಲಿನವಳ ಕಥೆ ಗೊತ್ತಿತ್ತು. ಇಬ್ಬರೂ ಒಂದೇ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವರು. ಅವಳು ರ‍್ಯಾಂಕಿನ ಹೆಗಲ ಮೇಲೆ ಕೈ ಹಾಕಿ, "ಬಾ ಚಿನ್ನಾ, ಡಾಕ್ಟರ ಹತ್ರ ಹೋಗಿ ಬರೋಣ" ಎಂದಳು. ನನಗೂ ಬರಲು ಸನ್ನೆ ಮಾಡಿದಳು. ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನಿಸಿತು. ಎಷ್ಟಾದರೂ ಚಿಕ್ಕಮ್ಮ ಅಲ್ಲವೆ.

ಲಾಂಡ್ರಿಯವರ ಕಾರಿನಲ್ಲಿ ಮುಂದಿನ ಗೇಟಿನಿಂದ ಹೊರಟೆವು. ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಕಾರಿಗೆ ದಾರಿ ಬಿಡಲು ಒಬ್ಬೊಬ್ಬರೇ ಕಾಲು ಮಡಚಿಕೊಂಡರು. ಅಮ್ಮ ತನ್ನ ಕಾಲನ್ನು ಕೈಯಿಂದ ಎತ್ತಿ ಒಳಗೆ ಎಳೆದುಕೊಂಡಳು, ಮಂಡಿ ನೋವು. ತಲೆ ಎತ್ತಿದಳು. ಕಿಟಕಿಯ ಗಾಜಿನ ಈಚೆ ನಾನು, ನೀಲಿ ಕೋಟಿನಲ್ಲಿ. ಅವಳ ಕಣ್ಣು ನನ್ನ ಮುಖದಿಂದ ಎದೆಯ ಮೇಲಿನ ಅಕ್ಷರಕ್ಕೆ ಇಳಿಯಿತು. ಅವಳಿಗೆ ಓದಲು ಬರುತ್ತದೆ, ನಿಧಾನವಾಗಿ. ಓದಿ ಮುಗಿಸುವಷ್ಟರಲ್ಲಿ ಕಾರು ಮುಂದೆ ಹೋಯಿತು.

"ಈಗ ಕೇಳು," ಎಂದಳು ಚಿಕ್ಕಮ್ಮ ಮುಂದಿನ ಸೀಟಿನಿಂದ ತಿರುಗಿ. ದನಿ ತರಗತಿಯದು. "ನಾನು ಡಾಕ್ಟರ್. ನೀನು ಒಳಗೆ ಬಂದೆ. ಏನಾಯ್ತು ಅಂತ ಕೇಳ್ತೀನಿ. ಹೇಳು."

"ಕೆಲಸ ಮಾಡೋವಾಗ ಸೂಜಿ..." ಎಂದಳು ರ‍್ಯಾಂಕು.

"ಅಲ್ಲ. ಮನೇಲಿ. ಅಂಗಿಗೆ ಗುಂಡಿ ಹಾಕ್ತಿದ್ದೆ. ಹೊಲಿಗೆ ಸೂಜಿ ಚುಚ್ಚಿತು. ಹೇಳು."

"ಮನೇಲಿ, ಗುಂಡಿ ಹಾಕ್ತಿದ್ದೆ..."

"ತುಟಿ ಸವರಿಕೊಳ್ಳಬೇಡ. ನನ್ನ ಕಣ್ಣು ನೋಡು. ಮತ್ತೆ."

ರ‍್ಯಾಂಕು ಮತ್ತೆ ಹೇಳಿದಳು. ಮೂರನೆಯ ಸಲಕ್ಕೆ ಚೆನ್ನಾಗಿ ಬಂತು. ನನಗೇ ನಂಬಿಕೆ ಬರುವಷ್ಟು ಚೆನ್ನಾಗಿ. ಚಿಕ್ಕಮ್ಮ "ಗುಡ್" ಎಂದಳು. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನಮ್ಮನ್ನು ನೋಡಿ ಕಣ್ಣು ಹೊರಳಿಸಿದ. ನಾವು ಕಲಿತದ್ದೆಲ್ಲ ಯಾತಕ್ಕೆ ಅಂತ ನನಗೆ ಆಗ ಗೊತ್ತಾಯಿತು. ಹೇಗೆ ಕೂರಬೇಕು, ಹೇಗೆ ನಗಬೇಕು, ಹೇಗೆ ಕಣ್ಣು ನೋಡಿ ಮಾತಾಡಬೇಕು. ನೋವಾದಾಗ ನೋವಾಗಿಲ್ಲ ಅನ್ನುವುದಕ್ಕೆ.

ಸಣ್ಣ ಕ್ಲಿನಿಕ್. ಡಾಕ್ಟರು ವಯಸ್ಸಾದ ಹೆಂಗಸು, ಬೆಳಗಿನಿಂದ ರೋಗಿಗಳನ್ನು ನೋಡಿ ದಣಿದಿದ್ದರು. ಚಿಕ್ಕಮ್ಮ ಬಾಗಿಲ ಹತ್ತಿರ ನಿಂತಳು. ರ‍್ಯಾಂಕು ನೆಟ್ಟಗೆ ಕೂತಳು.

"ಏನಾಯ್ತಮ್ಮ?"

"ಮನೇಲಿ ಅಂಗಿಗೆ ಗುಂಡಿ ಹಾಕ್ತಿದ್ದೆ ಮೇಡಂ. ಹೊಲಿಗೆ ಸೂಜಿ ಚುಚ್ಚಿತು."

ಡಾಕ್ಟರು ಬೆರಳು ನೋಡಿದರು. "ಒಂದು ಇಂಜೆಕ್ಷನ್ ಹಾಕ್ತೀನಿ. ಸಾಕು," ಎಂದು ಪೆನ್ನು ತೆಗೆದರು.

ನನ್ನ ಎದುರಿಗೆ ಆ ಬಿಳಿ ಮೇಜು ಇತ್ತು. ನಿಜವಾಗಿ ಇತ್ತು, ಕಣ್ಣಿಗೆ ಕಟ್ಟಿದ ಹಾಗೆ. ಹೂದಾನಿ, ಸ್ಕಾರ್ಫ್. ಬಾಗಿಲಲ್ಲಿ ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆ ಅಲ್ಲಾಡಿಸಲಿಲ್ಲ. ಬೇಡುವ ಹಾಗೆ ನೋಡಿದಳು. ಅದು ಇನ್ನೂ ಕಷ್ಟ.

"ಸುಳ್ಳು," ಎಂದೆ. "ಹೊಲಿಗೆ ಸೂಜಿ ಅಲ್ಲ. ಆಸ್ಪತ್ರೆಯ ಹೊದಿಕೆಯೊಳಗಿದ್ದ ಇಂಜೆಕ್ಷನ್ ಸೂಜಿ. ಲಾಂಡ್ರಿಯಲ್ಲಿ. ಇವತ್ತು ಬೆಳಗ್ಗೆ."

ಡಾಕ್ಟರ ಪೆನ್ನು ನಿಂತಿತು. "ನೋಡಿದ್ದು ಯಾರು?"

"ನಾನು."

ಅವರು ರ‍್ಯಾಂಕಿನ ಕಡೆ ತಿರುಗಿದರು. "ನಿಜಾನಾ?" ರ‍್ಯಾಂಕು ತುಟಿ ಸವರಿಕೊಂಡಳು. ಅಳತೊಡಗಿದಳು. ಡಾಕ್ಟರು ದಢಕ್ಕನೆ ಎದ್ದರು. "ಹುಡುಗಾಟಾನಾ ಇದು? ರೋಗ ಅಂಟದ ಹಾಗೆ ಮಾತ್ರೆ ಇವತ್ತೇ ಶುರು ಮಾಡ್ಬೇಕು, ಈಗಲೇ. ರಕ್ತ ಪರೀಕ್ಷೆ ಆಗ್ಬೇಕು. ಎಲ್ಲಿ ಚುಚ್ಚಿತು ಅಂತ ಬರೆದು ಸರ್ಕಾರಿ ಆಸ್ಪತ್ರೆಗೆ ಕಳಿಸ್ತೀನಿ." ಬಾಗಿಲ ಕಡೆ ನೋಡಿ, "ನೀವು ಯಾರು ಇವಳಿಗೆ?" ಎಂದರು.

"ಯಾರೂ ಅಲ್ಲ," ಎಂದಳು ಚಿಕ್ಕಮ್ಮ. "ಜೊತೆಗೆ ಬಂದೆ."

ಹೊರಗಿನ ಓಣಿಯಲ್ಲಿ ಅವಳು ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು.

"ನಿನ್ನ ಹೆಸರು ಆ ಮೇಜಿಗೆ ಕಳಿಸಿಯಾಗಿತ್ತು. ಎಲ್ಲರಿಗಿಂತ ಮೊದಲು ನಿನ್ನದು. ಎಷ್ಟು ಜನರ ಕಾಲು ಹಿಡಿದಿದ್ದೆ ಗೊತ್ತಾ?"

"ಅವಳಿಗೆ ಚುಚ್ಚಿದ್ದನ್ನ ನೀನೂ ನೋಡಿದೆ ಚಿಕ್ಕಮ್ಮ."

"ನೋಡಿದೆ. ನೋಡಿದ್ದನ್ನೆಲ್ಲ ಹೇಳ್ತಾ ಹೋಗಿದ್ರೆ ನಾನು ಇವತ್ತಿಗೂ ನಿಮ್ಮಮ್ಮನ ಎದುರಿಗೆ ನಿಂತು ಹೊದಿಕೆ ಕೊಡವ್ತಾ ಇರ್ತಿದ್ದೆ."

"ಅವಳು ಸತ್ತರೆ?"

ಚಿಕ್ಕಮ್ಮ ಕೈಚೀಲದಿಂದ ಕನ್ನಡಿ ತೆಗೆದು ಕಣ್ಣಿನ ಕೆಳಗೆ ಒರೆಸಿಕೊಂಡಳು. ಹಿಮ್ಮಡಿ ಸದ್ದು ಮಾಡುತ್ತಾ ಕಾರಿನ ಕಡೆ ಹೋದಳು. ಕಾರು ನಮ್ಮನ್ನು ಬಿಟ್ಟು ಹೋಯಿತು.

ಸರ್ಕಾರಿ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದೆವು. ಅಲ್ಲಿಂದ ಲಾಂಡ್ರಿಗೆ ಫೋನ್ ಮಾಡಿದರು. ಅವಳು ನಮ್ಮ ಕೆಲಸದವಳಲ್ಲ, ತರಬೇತಿಗೆ ಬಂದವಳು ಅಂದರು. ಕೇಂದ್ರಕ್ಕೆ ಮಾಡಿದರು. ಅವಳು ನಮ್ಮಲ್ಲಿ ಕಲಿಯುವವಳು, ಕೆಲಸದ ಜಾಗ ನಮ್ಮದಲ್ಲ ಅಂದರು. ಅಲ್ಲಿದ್ದ ನರ್ಸ್ ಫೋನ್ ಕುಕ್ಕಿ, "ಹಾಗಾದ್ರೆ ಈ ಬೆರಳು ಯಾರದು?" ಎಂದಳು. ಡಾಕ್ಟರ ಚೀಟಿ ನೋಡಿ ಮಾತ್ರೆ ಕೊಟ್ಟಳು. ಮೊದಲ ಮಾತ್ರೆಯನ್ನು ರ‍್ಯಾಂಕು ನಮ್ಮೆದುರಿಗೇ ನುಂಗಿದಳು. ನುಂಗಿ, ನನ್ನ ಕಡೆ ನೋಡದೆ ಹೇಳಿದಳು: "ನಿನಗೇನು ಬಂತು ಇದರಿಂದ? ನನ್ನ ಅಪ್ಪನಿಗೆ ನಾನು ಏನು ಹೇಳಲಿ?"

ಅವಳನ್ನು ಮನೆಯ ತಿರುವಿನವರೆಗೆ ಬಿಟ್ಟು ಬಂದೆ. ಅವಳು ಹೋಗಿ ಬರುತ್ತೇನೆ ಅನ್ನಲಿಲ್ಲ.

ಲಾಂಡ್ರಿಯ ಗೇಟಿಗೆ ಬಂದಾಗ ಬಿಸಿಲು ಇಳಿದಿತ್ತು. ನನ್ನನ್ನು ಕಂಡು ಹೆಂಗಸರ ಮಾತು ನಿಂತಿತು. ಯಾರೂ ಸರಿದು ಜಾಗ ಮಾಡಲಿಲ್ಲ. ಬಾಯಕ್ಕ ಬಾಯಿ ತೆರೆಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಮ್ಮ ನೆಲ ನೋಡುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಹಿಂಬಾಗಿಲು, ವ್ಯಾನ್, ಗಂಟು, ಸೂಜಿ, ಕಾರಿನಲ್ಲಿ ಆದ ಪಾಠ. ಹೇಳುವಾಗ ಎಲ್ಲರ ಕಣ್ಣು ನೋಡಲು ಆಗಲಿಲ್ಲ.

"ಕೈ ಹಾಕಿದ್ಯಾ ನೀನು?" ಎಂದಳು ಅಮ್ಮ.

"ಹೂಂ."

"ಕೊಡವದೆ?"

"ಹೂಂ."

ಅಮ್ಮ ಎದ್ದು ಬಂದಳು. ನನ್ನ ಎರಡೂ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಒಂದೊಂದೇ ಬೆರಳು, ಉಗುರಿನ ಸಂದು, ಅಂಗೈ ನೋಡಿದಳು. ಬಾಟಲಿಯ ನೀರು ಹೊಯ್ದು ತೊಳೆದು ಮತ್ತೆ ನೋಡಿದಳು. ಎಲ್ಲೂ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಕೈ ಬಿಟ್ಟು ಕೆನ್ನೆಗೆ ಬಾರಿಸಿದಳು. ಜೋರಾಗಿ. ಆಮೇಲೆ ತನ್ನ ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿ, "ಕೂತ್ಕೋ" ಎಂದಳು.

"ಹಿಂದೆ ಒಂದು ಬಾಗಿಲಿದೆ ಅಂತ ನಮಗೆ ಹೊಳೀಲೇ ಇಲ್ವಲ್ಲೇ," ಎಂದಳು ಬಾಯಕ್ಕ. "ಮುಂದೆ ಕೂತು ಕೂತು ಬೇರು ಬಿಟ್ಟಿದ್ವಿ."

ಮರುದಿನ ಬೆಳಗ್ಗೆ ನಾವು ಹಿಂಬಾಗಿಲಿಗೆ ಅಡ್ಡ ಕೂತೆವು. ವ್ಯಾನ್ ಬಂತು. ನಮ್ಮಿಂದ ಒಂದು ಮಾರು ದೂರದಲ್ಲಿ ನಿಂತಿತು. ಡ್ರೈವರ್ ಹಾರ್ನ್ ಒತ್ತಿದ. ಕಪ್ಪು ಹಾಳೆಯ ಕಿಟಕಿಗಳ ಹಿಂದೆ ಹುಡುಗಿಯರ ನೆರಳುಗಳು ಅಲುಗಿದವು. ರ‍್ಯಾಂಕು ಅದರಲ್ಲಿದ್ದಳೋ ಇಲ್ಲವೋ ಕಾಣಲಿಲ್ಲ.

ಚಿಕ್ಕಮ್ಮ ಇಳಿದು ಬಂದಳು. ನನ್ನನ್ನು ದಾಟಿ ಅಮ್ಮನ ಮುಂದೆ ನಿಂತಳು.

"ಅಕ್ಕಾ, ಏಳು. ಎಲ್ಲರೆದುರಿಗೆ ಬೇಡ."

"ಕೂತ್ಕೊಂಡು ಮಾತಾಡು ಮರೀ. ಕತ್ತು ನೋಯುತ್ತೆ."

ಚಿಕ್ಕಮ್ಮ ಕೂರಲಿಲ್ಲ. ಅವಳ ಚಪ್ಪಲಿಯ ಸುತ್ತ ಕೆಸರಿತ್ತು. "ನಿನ್ನ ಹಟಕ್ಕೆ ಈ ಹುಡುಗಿ ಬದುಕು ಹಾಳು ಮಾಡ್ತಿದ್ದೀಯ. ನನಗೆ ಬಿಟ್ಟಿದ್ರೆ ಇವಳನ್ನ ಎಲ್ಲಿಗೋ ತಲುಪಿಸ್ತಿದ್ದೆ. ಇವಳ ಬದುಕು ಮಾಡೋದು ನಿನ್ನ ಕೈಲಾಗುತ್ತಾ?"

ಅಮ್ಮ ಅವಳನ್ನು ನೋಡಿದಳು. ಪಾದದಿಂದ ತಲೆಯವರೆಗೆ, ನಿಧಾನವಾಗಿ. ಚಪ್ಪಲಿ, ಇಸ್ತ್ರಿ ಮಾಡಿದ ಬಟ್ಟೆ, ಕೈಗಡಿಯಾರ, ಬಾಚಿ ಕಟ್ಟಿದ ಕೂದಲು.

"ಒಬ್ಬಳ ಬದುಕು ಮಾಡಿಕೊಟ್ಟಿದ್ದೆ," ಎಂದಳು. "ಅದನ್ನೇ ಈಗ ನೋಡ್ತಾ ಇದ್ದೀನಿ."

ಚಿಕ್ಕಮ್ಮ ತಿರುಗಿ ಹೋಗಿ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಡ್ರೈವರಿಗೆ ಕೈಯಿಂದ ಮುಂದಕ್ಕೆ ಎಂದು ತೋರಿಸಿದಳು.

ವ್ಯಾನ್ ಒಂದು ಅಡಿ ಮುಂದೆ ಬಂತು. ಅವಳು ಗಾಜಿನ ಹಿಂದಿನಿಂದ ನೇರವಾಗಿ ನೋಡುತ್ತಿದ್ದಳು, ನಮ್ಮ ತಲೆಗಳ ಮೇಲಿನಿಂದ, ಬಾಗಿಲಿನ ಕಡೆಗೆ. ಹಾರ್ನ್ ಮತ್ತೆ ಕೂಗಿತು. ಇನ್ನೊಂದು ಅಡಿ. ಯಾರೋ ನನ್ನ ತೋಳಿಗೆ ತೋಳು ಹೆಣೆದರು, ಅಮ್ಮನೋ ಬಾಯಕ್ಕನೋ, ತಿರುಗಿ ನೋಡಲಿಲ್ಲ. ಇಂಜಿನ್ನಿನ ಬಿಸಿ ಮುಖಕ್ಕೆ ಬಡಿಯಿತು. ನಾನು ಕಾಲು ಮಡಚಿಕೊಳ್ಳಲಿಲ್ಲ.